ಬ್ಲೂಬರ್ಡ್ ಕೆ7: ನೀರಿನಿಂದ ಎತ್ತಿದವರದ್ದೋ, ಕಾಗದ ಇದ್ದವರದ್ದೋ?

ನೀರ್ಹಕ್ಕಿ

ಡೊನಾಲ್ಡ್ ಕ್ಯಾಂಪ್‌ಬೆಲ್ ಓಡಿಸುತ್ತಿದ್ದ ಬ್ಲೂಬರ್ಡ್ ಕೆ7 ದೋಣಿಯ ಕಥೆ ಇಲ್ಲಿ ಯಾರಾದರೂ ಹಿಂಬಾಲಿಸಿದ್ದೀರಾ? ವರ್ಷಗಟ್ಟಲೆ ನಡೆದ ಜಗಳ ಮುಗಿದು ಅದು 2024ರ ಮಾರ್ಚ್‌ನಲ್ಲಿ ಇಂಗ್ಲೆಂಡಿನ ಕೊನಿಸ್ಟನ್ ಊರಿನ ರಸ್ಕಿನ್ ಮ್ಯೂಸಿಯಂ ಸೇರಿತು. ಅಂತೂ ಮನೆಗೆ ಬಂತು ಅಂತ ಎಲ್ಲರೂ ಖುಷಿಪಟ್ಟರು. ನನಗೆ ಮಾತ್ರ ಇದರಲ್ಲಿ ಕೆಲವರಿಗೆ ಅನ್ಯಾಯ ಆಗಿದೆ ಅನ್ನಿಸುತ್ತಿದೆ.

ಗೊತ್ತಿಲ್ಲದವರಿಗೆ ಹಿನ್ನೆಲೆ ಹೇಳುತ್ತೇನೆ. 1955ರಿಂದ 1964ರವರೆಗೆ ಈ ಒಂದೇ ಜೆಟ್ ದೋಣಿ ನೀರಿನ ಮೇಲಿನ ವೇಗದ ವಿಶ್ವದಾಖಲೆಯನ್ನು 7 ಸಲ ಮುರಿಯಿತು. ಮೊದಲನೆಯದು ಗಂಟೆಗೆ 202 ಮೈಲಿ, ಕೊನೆಯದು 276 ಮೈಲಿ. 1967ರ ಜನವರಿ 4ರಂದು 300 ಮೈಲಿ ದಾಟಲು ಹೋದಾಗ ಕೊನಿಸ್ಟನ್ ಸರೋವರದಲ್ಲಿ ಮೂತಿ ಮೇಲೆದ್ದು, ಪಲ್ಟಿ ಹೊಡೆದು ಮುಳುಗಿತು. ಕ್ಯಾಂಪ್‌ಬೆಲ್ ತೀರಿಕೊಂಡರು, ದೇಹ ಸಿಗಲಿಲ್ಲ. 34 ವರ್ಷ ಆದಮೇಲೆ ಬಿಲ್ ಸ್ಮಿತ್ ಎಂಬ ಡೈವರ್ ಹುಡುಕಿ, 2001ರ ಮಾರ್ಚ್ 8ರಂದು ದೋಣಿ ಎತ್ತಿದರು. ಆಮೇಲೆ ಅವರೂ ಅವರ ಜೊತೆಯ ಸ್ವಯಂಸೇವಕರೂ ನಾರ್ತ್ ಶೀಲ್ಡ್ಸ್‌ನ ವರ್ಕ್‌ಶಾಪ್‌ನಲ್ಲಿ ಕೂತು, ಚಿಂದಿಯಾಗಿದ್ದ ದೋಣಿಯನ್ನು ಓಡುವ ದೋಣಿ ಮಾಡಿದರು. 2018ರ ಆಗಸ್ಟ್‌ನಲ್ಲಿ ಸ್ಕಾಟ್ಲೆಂಡಿನ ಬ್ಯೂಟ್ ದ್ವೀಪದ ಲಾಖ್ ಫ್ಯಾಡ್ ಸರೋವರದಲ್ಲಿ ಅದು ಮತ್ತೆ ಓಡಿತು. ಅಲ್ಲಿಂದ ಶುರುವಾಯಿತು ಜಗಳ. ಪೂರ್ತಿ ನಮ್ಮದು ಅಂತ ಮ್ಯೂಸಿಯಂ, ನಾವು ಮಾಡಿದ ಹೊಸ ಭಾಗಗಳು ನಮ್ಮವು ಅಂತ ಸ್ಮಿತ್. ಕೋರ್ಟಿನ ತನಕ ಹೋಗಿ, 2023ರಲ್ಲಿ ಸ್ಮಿತ್ ಕಡೆಯವರು ಹಕ್ಕು ಬಿಟ್ಟುಕೊಟ್ಟರು.

ನನ್ನ ಪ್ರಶ್ನೆ ಇಷ್ಟೇ. ಎತ್ತಿದವರು ಅವರು, ಕಟ್ಟಿದವರು ಅವರು. ಅವರಿಗೆ ಏನೂ ಇಲ್ಲವಾ?

ಕಾನೂನು ಕಟ್ಟೆ

ಹಕ್ಕು ಅಂತ ಕೇಳಿದರೆ ಇಲ್ಲ. ಖಾರವಾಗಿ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ.

ಮುಳುಗಿದ ಮಾತ್ರಕ್ಕೆ ವಸ್ತುವಿಗೆ ವಾರಸುದಾರ ಇಲ್ಲ ಅಂತ ಆಗುವುದಿಲ್ಲ. ದೋಣಿ ಕ್ಯಾಂಪ್‌ಬೆಲ್ ಕುಟುಂಬದ್ದು. ಎತ್ತಿದ ಮೇಲೂ ಅವರದ್ದೇ. ಆ ಕುಟುಂಬದ ಟ್ರಸ್ಟ್ 2006ರ ಡಿಸೆಂಬರ್‌ನಲ್ಲಿ ದಾನಪತ್ರ ಬರೆದು ರಸ್ಕಿನ್ ಮ್ಯೂಸಿಯಂಗೆ ಕೊಟ್ಟಿತು. ಕಾಗದ ಅಲ್ಲಿಗೆ ಸ್ಪಷ್ಟ.

ನಮ್ಮ ಕಡೆಯ ಕಾನೂನು ನೋಡಿ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ಬೇರೆಯವರ ವಸ್ತುವಿಗೆ ದುಡಿಮೆ, ಕೌಶಲ ಹಾಕಿದವನು ತನ್ನ ಕೂಲಿ ಸಿಗುವವರೆಗೆ ಅದನ್ನು ಇಟ್ಟುಕೊಳ್ಳಬಹುದು. ಚಿನ್ನದ ಕೆಲಸದವರು, ಗ್ಯಾರೇಜಿನವರು ಮಾಡುವುದು ಅದೇ. ಇಟ್ಟುಕೊಳ್ಳುವ ಹಕ್ಕು ಬೇರೆ, ಒಡೆತನ ಬೇರೆ. ಮತ್ತೆ ಇಲ್ಲಿ ಕೂಲಿಯ ಮಾತೇ ಇರಲಿಲ್ಲ, ಎಲ್ಲರೂ ಸ್ವಯಂಸೇವಕರು. ಹೀಗಿರುವಾಗ ಯಾವುದಕ್ಕೆ ಅಂತ ಹಿಡಿದಿಟ್ಟುಕೊಳ್ಳುತ್ತೀರಿ?

ರಿವೆಟ್ ರಾಜ

ಸರ್, ಕಾಗದದ ಮಾತು ಸರಿ. ಆದರೆ ಆ ಕೆಲಸ ಏನು ಅಂತ ಗೊತ್ತಿದ್ದರೆ ಇಷ್ಟು ಸಲೀಸಾಗಿ ಹೇಳುತ್ತಿರಲಿಲ್ಲ. ನಾನು ಹಳೆ ಜೀಪು, ಹಳೆ ಸ್ಕೂಟರ್ ರಿಪೇರಿ ಮಾಡುವವನು. ತಗಡಿನ ಕಷ್ಟ ನನಗೆ ಗೊತ್ತು.

ಕೆ7ನದ್ದು ಒಳಗೆ ಉಕ್ಕಿನ ಪೈಪಿನ ಚೌಕಟ್ಟು, ಮೇಲೆ ಅಲ್ಯೂಮಿನಿಯಂ ಹೊದಿಕೆ. ಆ ವೇಗದಲ್ಲಿ ನೀರಿಗೆ ಬಿದ್ದರೆ ನೀರು ಕಲ್ಲಿನಷ್ಟೇ ಗಟ್ಟಿ. ಮುಂಭಾಗ, ಅಂದರೆ ಕಾಕ್‌ಪಿಟ್, ಕಿತ್ತು ಚೂರಾಗಿತ್ತು. ಹಿಂದಿನ ಭಾಗ ಮಾತ್ರ ಬಹುಪಾಲು ಒಂದಾಗಿ ಉಳಿದಿತ್ತು, ನೀಲಿ ಬಣ್ಣವೂ ಇತ್ತು. ಇಂಥದ್ದನ್ನು ಸರಿ ಮಾಡಬೇಕಾದರೆ ಒಂದೊಂದೇ ರಿವೆಟ್‌ನ ತಲೆ ಡ್ರಿಲ್ ಮಾಡಿ ತೆಗೆಯಬೇಕು. ತೂತು ದೊಡ್ಡದಾಗಬಾರದು. ಆಮೇಲೆ ಮಡಚಿಹೋದ ತಗಡು ಬಿಡಿಸಬೇಕು. ಹಾಗೇ ಬಡಿದರೆ ಸೀಳುತ್ತದೆ. ಅದಕ್ಕೆ ತಗಡಿಗೆ ಸೋಪು ಉಜ್ಜಿ, ಕೆಳಗಿನಿಂದ ಬೆಂಕಿ ಹಿಡಿಯುತ್ತೇವೆ. ಸೋಪು ಕಂದು ತಿರುಗಿ ಕಪ್ಪಾಗುವಾಗ ಬೆಂಕಿ ತೆಗೆಯಬೇಕು. ಅಷ್ಟರಲ್ಲಿ ಲೋಹ ಮೆತ್ತಗಾಗಿರುತ್ತದೆ. ಸ್ವಲ್ಪ ಜಾಸ್ತಿ ಕಾಯಿಸಿದರೆ ತಗಡು ಕರಗಿ ಕೆಳಗೆ ಬೀಳುತ್ತದೆ, ಮೊದಲೇ ಏನೂ ಸೂಚನೆ ಕೊಡುವುದಿಲ್ಲ. ಹೀಗೆ ಒಂದು ಕೈಯಗಲ ತಗಡು ಬಿಡಿಸಲು ಅರ್ಧ ದಿನ ಹೋಗುತ್ತದೆ. ಹೊಸ ತಗಡು ಕತ್ತರಿಸಿ ಹಾಕಿದ್ದರೆ ಎಷ್ಟೋ ಬೇಗ ಮುಗಿಯುತ್ತಿತ್ತು. ಆ ತಂಡ ಹಳೆಯ ಲೋಹ ಎಷ್ಟಾಗುತ್ತೋ ಅಷ್ಟು ಉಳಿಸುವ ಹಟ ಹಿಡಿಯಿತು. ಅದಕ್ಕೇ ಅಷ್ಟು ವರ್ಷ ಹಿಡಿಯಿತು.

ಇಷ್ಟು ಮಾಡಿದವರು ಒಂದು ಪಾಲು ಕೇಳಿದರೆ ತಪ್ಪಾ?

ಸುಮ್ನೆ ಓದುಗ

ಪ್ರೀತಿಗೆ ಅಂತ ಮಾಡಿದ ಮೇಲೆ ಪಾಲು ಕೇಳಬಾರದು. ಪಾಲು ಬೇಕಿದ್ದರೆ ಮೊದಲೇ ಹೇಳಬೇಕಿತ್ತು.

ಪ್ರೆಸ್ಟನ್ ಕನ್ನಡಿಗ

ನಾನಿರುವುದು ಪ್ರೆಸ್ಟನ್‌ನಲ್ಲಿ. ಈ ದೋಣಿ ಕಟ್ಟಿದ್ದು ಇಲ್ಲೇ ಹತ್ತಿರದ ಸ್ಯಾಮ್ಲ್ಸ್‌ಬರಿಯಲ್ಲಿ. ವಿನ್ಯಾಸ ಕೆನ್ ಮತ್ತು ಲ್ಯೂ ನಾರಿಸ್ ಸಹೋದರರದ್ದು. ಹಾಗಾಗಿ ಈ ಭಾಗದ ಜನಕ್ಕೆ ಇದು ಊರಿನ ಹುಡುಗನ ಥರ.

ಕೊನಿಸ್ಟನ್ ಪುಟ್ಟ ಊರು. ಅಲ್ಲಿನವರಿಗೆ ಕ್ಯಾಂಪ್‌ಬೆಲ್ ಹೊರಗಿನವರಲ್ಲ. ಅಪ್ಪ ಮಾಲ್ಕಮ್ ಕ್ಯಾಂಪ್‌ಬೆಲ್ 1939ರಲ್ಲಿ ಇದೇ ನೀರಿನಲ್ಲಿ ಗಂಟೆಗೆ 141 ಮೈಲಿಯ ದಾಖಲೆ ಮಾಡಿದ್ದರು. ಮಗ 1956ರಿಂದ 59ರವರೆಗೆ ಇಲ್ಲೇ 4 ದಾಖಲೆ ಮಾಡಿದರು. ಅಪ್ಪನ ಕಾಲದ ಮೆಕ್ಯಾನಿಕ್ ಲಿಯೋ ವಿಲ್ಲಾ ಮಗನ ಜೊತೆಗೂ ಕೊನೆಯ ದಿನದವರೆಗೆ ಇದ್ದರು. 2001ರ ಮೇ ತಿಂಗಳಲ್ಲಿ ದೇಹ ಸಿಕ್ಕಿತು. ಸೆಪ್ಟೆಂಬರ್ 12ರಂದು ಶವಪೆಟ್ಟಿಗೆಯನ್ನು ಲಾಂಚ್‌ನಲ್ಲಿಟ್ಟು, ದಾಖಲೆಗೆ ಅಳತೆ ಮಾಡಿದ್ದ ಆ ಒಂದು ಕಿಲೋಮೀಟರ್ ಉದ್ದಕ್ಕೂ ಕೊನೆಯ ಸಲ ಕರೆದೊಯ್ದರು. ಆಮೇಲೆ ಊರಿನ ಸ್ಮಶಾನದಲ್ಲಿ ಮಣ್ಣು ಮಾಡಿದರು. ಹಿಂದಿನ ದಿನ ನ್ಯೂಯಾರ್ಕ್‌ನಲ್ಲಿ ಗೋಪುರಗಳು ಬಿದ್ದಿದ್ದವು, ಜಗತ್ತೆಲ್ಲ ಆ ಕಡೆ ನೋಡುತ್ತಿತ್ತು.

ಇಂಥ ಊರು ದೋಣಿಗೆ ಅಂತಲೇ ಮ್ಯೂಸಿಯಂಗೆ ಹೊಸ ಕಟ್ಟಡ ಸೇರಿಸಿ ಕಾಯಿತು. 2010ರಲ್ಲಿ ಆ ಭಾಗ ತೆರೆಯಿತು, ದೋಣಿ ಬರಲು ಇನ್ನೂ 14 ವರ್ಷ ಹಿಡಿಯಿತು. ಅವರಿಗಾದ ಅನ್ಯಾಯವನ್ನೂ ಲೆಕ್ಕಕ್ಕೆ ತಗೊಳ್ಳಿ ನೀರ್ಹಕ್ಕಿ.

ಮಲೆನಾಡ ಹುಡುಗಿ

ಎಲ್ಲರೂ ಯಾರದು ಯಾರದು ಅಂತಿದ್ದೀರಿ. ಎತ್ತಬೇಕಿತ್ತಾ ಅಂತ ಒಬ್ಬರೂ ಕೇಳುತ್ತಿಲ್ಲ.

ಏನಾದರೂ ಆದರೆ ನಾಯಕನೂ ದೋಣಿಯೂ ಜೊತೆಗೇ ಇರಲಿ ಅಂತ ಕ್ಯಾಂಪ್‌ಬೆಲ್ ಬದುಕಿದ್ದಾಗಲೇ ಹೇಳಿದ್ದರು. ಅವರ ತಂಗಿ ಜೀನ್ ವೇಲ್ಸ್ ಅದೇ ಕಾರಣಕ್ಕೆ ಅಣ್ಣನ ದೇಹ ಎತ್ತುವುದನ್ನು ಒಪ್ಪಲಿಲ್ಲ. ಸತ್ತವನ ಮಾತಿಗೆ ಬೆಲೆ ಇಲ್ಲವಾ? ಜಾನ್ ಕಾಬ್ 1952ರಲ್ಲಿ ಲಾಖ್ ನೆಸ್‌ನಲ್ಲಿ ಇದೇ ರೀತಿ ಸತ್ತರು. ಅವರ ಕ್ರುಸೇಡರ್ ದೋಣಿಯ ಅವಶೇಷ ಇವತ್ತಿಗೂ ತಳದಲ್ಲಿದೆ. ಸ್ಕಾಟ್ಲೆಂಡ್ ಅದನ್ನು ಸಂರಕ್ಷಿತ ಸ್ಮಾರಕ ಅಂತ ಘೋಷಿಸಿದೆ, ಮುಟ್ಟುವ ಹಾಗಿಲ್ಲ. ಅಲ್ಲಿ ಯಾರಿಗೂ ಜಗಳವಿಲ್ಲ. ಕೆ7ಗೂ ಅದೇ ಮಾಡಿದ್ದರೆ ಇದ್ಯಾವುದೂ ಇರುತ್ತಿರಲಿಲ್ಲ.

ಶರಾವತಿ ಎಡದಂಡೆ

ಮೇಡಂ, ಕ್ರುಸೇಡರ್ ಇರುವುದು 200 ಮೀಟರ್ ಹತ್ತಿರದ ಆಳದಲ್ಲಿ. ಕೆ7 ಇದ್ದದ್ದು ಸುಮಾರು 45 ಮೀಟರ್. ಡೈವರ್‌ಗಳಿಗೆ ಅದು ಕೈಗೆಟುಕುವ ಆಳ. ಒಮ್ಮೆ ಜಾಗ ಗೊತ್ತಾದರೆ ಒಬ್ಬ ಬಂದು ಒಂದು ತುಂಡು, ಇನ್ನೊಬ್ಬ ಬಂದು ಇನ್ನೊಂದು ತುಂಡು ಕಿತ್ತುಕೊಂಡು ಹೋಗುತ್ತಾರೆ. ದೇಹವೂ ಅಲ್ಲೇ ಇತ್ತು ನೆನಪಿರಲಿ.

ಮತ್ತೆ ಮಗಳು ಜೀನಾ ಕ್ಯಾಂಪ್‌ಬೆಲ್ ಇದ್ದಾರೆ. ಸ್ವತಃ ವೇಗದ ದೋಣಿ ಓಡಿಸಿ ಮಹಿಳೆಯರ ದಾಖಲೆ ಮಾಡಿದವರು. ಅಪ್ಪನಿಗೆ ಒಂದು ಸಮಾಧಿ ಆಗಬೇಕು ಅಂತ ಮಗಳು ಬಯಸುವುದು ತಪ್ಪಾ? ತಂಗಿಯ ಮಾತು ದೊಡ್ಡದೋ ಮಗಳ ಮಾತು ದೊಡ್ಡದೋ ಅಂತ ನಾವು ತೀರ್ಮಾನ ಮಾಡೋಕಾಗಲ್ಲ.

ಎತ್ತಿ ಓಡಿಸುವುದು ಹೊಸದೂ ಅಲ್ಲ. 1930ರಲ್ಲಿ ವಿಂಡರ್‌ಮಿಯರ್ ಸರೋವರದಲ್ಲಿ ಇದೇ ವೇಗದ ದಾಖಲೆಗೆ ಹೋಗಿ ಹೆನ್ರಿ ಸೀಗ್ರೇವ್ ಸತ್ತರಲ್ಲ, ಅವರ ಮಿಸ್ ಇಂಗ್ಲೆಂಡ್ 2 ದೋಣಿಯನ್ನು ಎತ್ತಿ, ರಿಪೇರಿ ಮಾಡಿ, ಮರುವರ್ಷವೇ ಕೇ ಡಾನ್ ಹೊಸ ದಾಖಲೆ ಮಾಡಿದರು.

ಮಲೆನಾಡ ಹುಡುಗಿ

ದೇಹ ಎತ್ತಿ ಮಣ್ಣು ಮಾಡಿದ್ದಕ್ಕೆ ನನ್ನ ತಕರಾರು ಈಗ ಕಡಿಮೆ. ಆದರೆ ಮನುಷ್ಯ ಸತ್ತ ಯಂತ್ರವನ್ನು ಹೊಳಪು ಕೊಟ್ಟು ಮತ್ತೆ ಓಡಿಸಿ ಜನ ಸೇರಿಸುವುದಿದೆಯಲ್ಲ, ಅದು ನನಗೆ ಹಿಡಿಸುವುದಿಲ್ಲ. ಮುರಿದ ದೋಣಿಯನ್ನು ಮುರಿದ ಹಾಗೇ ಇಡಬೇಕಿತ್ತು. ಅವತ್ತು ಏನಾಯಿತು ಅಂತ ಆ ಮುರುಕಲೇ ಹೇಳುತ್ತಿತ್ತು.

ಮುರುಗೇಶಪಾಳ್ಯ

ಯಾರೂ ನಮ್ಮ ಬೆಂಗಳೂರಿನ ಸಂಬಂಧ ಹೇಳಲೇ ಇಲ್ಲ! ನಾನೇ ಹೇಳುತ್ತೇನೆ. ಎಚ್‌ಎಎಲ್ ಎಂಜಿನ್ ವಿಭಾಗದಲ್ಲಿ ದುಡಿದು ರಿಟೈರ್ ಆದವನು ನಾನು.

ಕೆ7ಗೆ ಮೊದಲು ಇದ್ದದ್ದು ಮೆಟ್ರೋವಿಕ್ ಬೆರಿಲ್ ಎಂಜಿನ್. ಏಳು ದಾಖಲೆಯೂ ಅದರಲ್ಲೇ. 300 ದಾಟಲು ಅದು ಸಾಲದು ಅಂತ 1966ರಲ್ಲಿ ಕ್ಯಾಂಪ್‌ಬೆಲ್ ಅಪಘಾತವಾಗಿದ್ದ ಒಂದು ಫೋಲ್ಯಾಂಡ್ ನ್ಯಾಟ್ ವಿಮಾನ ಕೊಂಡು ಅದರ ಬ್ರಿಸ್ಟಲ್ ಆರ್ಫಿಯಸ್ ಎಂಜಿನ್ ಕೂರಿಸಿದರು. ದೋಣಿಯ ಹಿಂದೆ ನಿಂತಿರುವ ಬಾಲದ ರೆಕ್ಕೆಯೂ ನ್ಯಾಟ್‌ನದ್ದೇ. ಅದೇ ನ್ಯಾಟ್, ಅದೇ ಆರ್ಫಿಯಸ್ ನಮ್ಮ ಬೆಂಗಳೂರಿನಲ್ಲೂ ಲೈಸೆನ್ಸ್ ಪಡೆದು ತಯಾರಾಗುತ್ತಿದ್ದವು. ಎಂಜಿನ್ ವಿಭಾಗ ಶುರುವಾಗಿದ್ದೇ ಆರ್ಫಿಯಸ್‌ಗೋಸ್ಕರ. 65ರ ಯುದ್ಧದಲ್ಲಿ ಪಾಕಿಸ್ತಾನದ ಸೇಬರ್ ವಿಮಾನಗಳನ್ನು ಹೊಡೆದು ಹೆಸರು ಮಾಡಿದ ನ್ಯಾಟ್ ಅದು. ಮಾರುತ್ ವಿಮಾನದಲ್ಲಿ ಎರಡೆರಡು ಆರ್ಫಿಯಸ್ ಇರುತ್ತಿದ್ದವು.

ಆರ್ಫಿಯಸ್ ಸರಳವಾದ ಎಂಜಿನ್. ಏಳು ಹಂತದ ಕಂಪ್ರೆಸರ್, ಹಿಂದೆ ಒಂದೇ ಟರ್ಬೈನ್. ನಡುವೆ ದಪ್ಪ ಟೊಳ್ಳು ಶಾಫ್ಟ್, ಎರಡೇ ಬೇರಿಂಗ್. ಬಿಚ್ಚಿ ಜೋಡಿಸಲು ಸುಖ. ಆದರೆ ಹಗುರ ಆಗಲಿ ಅಂತ ಅದರಲ್ಲಿ ಮೆಗ್ನೀಸಿಯಂ ಮಿಶ್ರಲೋಹ ಬಳಸಿದ್ದಾರೆ. ಮೆಗ್ನೀಸಿಯಂ ನೀರಿನಲ್ಲಿ ವರ್ಷಗಟ್ಟಲೆ ಕೂತರೆ ತಿಂದುಹೋಗುತ್ತದೆ. ಹಾಗಾಗಿ ಓಡಿಸಲು ಬೇರೆ ಆರ್ಫಿಯಸ್ ಹಾಕದೆ ಬೇರೆ ದಾರಿ ಇರಲಿಲ್ಲ.

ಧಾರವಾಡ ಫೇಡೆ

ಅಬ್ಬಾ, ಇದು ಗೊತ್ತೇ ಇರಲಿಲ್ಲ. ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಮುಂದೆ ನಿಂತಿರುವ ವಿಮಾನ ಮಾರುತ್ ಅಲ್ವಾ ಕಾಕಾ?

ಮುರುಗೇಶಪಾಳ್ಯ

ಹೌದಪ್ಪ, ಅದೇ. ಕರ್ಟ್ ಟ್ಯಾಂಕ್ ವಿನ್ಯಾಸ ಮಾಡಿದ್ದು, 1961ರಲ್ಲಿ ಮೊದಲು ಹಾರಿತು. ಮಕ್ಕಳನ್ನು ಕರೆದುಕೊಂಡು ಹೋದಾಗ ಹಿಂದೆ ಹೋಗಿ ಆ ಎರಡು ಕೊಳವೆ ತೋರಿಸಿ. ಇದರಲ್ಲಿದ್ದ ಎಂಜಿನ್ನೇ ಆ ದೋಣಿಯಲ್ಲಿದ್ದದ್ದು ಅಂತ ಹೇಳಿ.

ಸುಮ್ನೆ ಓದುಗ

ಅಪಘಾತ ಆಗಿದ್ದು ಎಂಜಿನ್ ಕೈಕೊಟ್ಟಿದ್ದಕ್ಕಾ?

ಶರಾವತಿ ಎಡದಂಡೆ

ಒಂದೇ ಕಾರಣ ಅಂತ ಇಲ್ಲ. ದಾಖಲೆ ಆಗಬೇಕಾದರೆ ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಓಡಿಸಬೇಕು, ಸರಾಸರಿ ತೆಗೆಯುತ್ತಾರೆ. ಉತ್ತರದಿಂದ ದಕ್ಷಿಣಕ್ಕೆ ಮೊದಲ ಓಟ 297.6 ಮೈಲಿ ಬಂತು. 300ರ ಸರಾಸರಿಗೆ ಇನ್ನು ಸ್ವಲ್ಪವೇ ಬೇಕಿತ್ತು. ಇಂಧನ ತುಂಬಿಸಿಕೊಂಡು, ಅಲೆ ತಣ್ಣಗಾದ ಮೇಲೆ ಬರಬಹುದಿತ್ತು. ಕ್ಯಾಂಪ್‌ಬೆಲ್ ತಕ್ಷಣ ತಿರುಗಿಸಿದರು. ಒಂದು ಹಂತದಲ್ಲಿ ವೇಗ 328 ಮುಟ್ಟಿತು.

ಈ ದೋಣಿ ಪೂರ್ತಿ ವೇಗದಲ್ಲಿ ನೀರಿಗೆ ತಾಗುವುದು ಮೂರೇ ಕಡೆ. ಮುಂದೆ ಎರಡು ತೇಲುಬುರುಡೆ, ಹಿಂದೆ ಒಂದು ಸಣ್ಣ ತಳ. ಉಳಿದದ್ದೆಲ್ಲ ಗಾಳಿಯಲ್ಲಿ. ಅಲೆಗೆ ಕುಪ್ಪಳಿಸಿ ಮೂತಿ ಸ್ವಲ್ಪ ಎದ್ದರೂ ಕೆಳಗೆ ಗಾಳಿ ನುಗ್ಗುತ್ತದೆ. ಎಂಜಿನ್ನಿನ ತಳ್ಳುವ ಶಕ್ತಿ ಇರುವಷ್ಟು ಹೊತ್ತು ಮೂತಿಯನ್ನು ಅದು ಒತ್ತಿ ಹಿಡಿಯುತ್ತದೆ, ಆ ಶಕ್ತಿ ನಿಂತರೆ ಕಷ್ಟ. ಮೊದಲ ಓಟದ ಅಲೆ, ಕಡಿಮೆಯಾಗಿದ್ದ ಇಂಧನ, ಎಂಜಿನ್ ನಿಂತದ್ದು, ಇವುಗಳಲ್ಲಿ ಯಾವುದು ಎಷ್ಟು ಅಂತ ತಿಳಿದವರು ಇವತ್ತಿಗೂ ವಾದ ಮಾಡುತ್ತಾರೆ.

ರಿವೆಟ್ ರಾಜ

ಇವತ್ತಿಗೂ ನಿಂತಿರುವ ದಾಖಲೆ ಕೆನ್ ವಾರ್ಬಿಯವರದ್ದು. 1978ರ ಅಕ್ಟೋಬರ್ 8, ಆಸ್ಟ್ರೇಲಿಯಾದ ಬ್ಲೋವರಿಂಗ್ ಅಣೆಕಟ್ಟು, 317.6 ಮೈಲಿ. ಮನೆ ಹಿತ್ತಲಲ್ಲಿ ಮರದಿಂದ ಕಟ್ಟಿದ ದೋಣಿ, ವಾಯುಪಡೆಯ ಹಳೆ ಸಾಮಾನಿನಿಂದ ಕೊಂಡ ಎಂಜಿನ್! ಕಟ್ಟಿದವರೂ ಓಡಿಸಿದವರೂ ಒಬ್ಬರೇ ಆದ್ದರಿಂದ ಅಲ್ಲಿ ಯಾರದು ಅನ್ನುವ ಪ್ರಶ್ನೆಯೇ ಬರಲಿಲ್ಲ. ಈಗ ಅದು ಸಿಡ್ನಿಯ ಮ್ಯೂಸಿಯಂನಲ್ಲಿದೆ.

ನೀರ್ಹಕ್ಕಿ

ವಿಷಯಕ್ಕೆ ಬರೋಣ. ಕಾನೂನು ಕಟ್ಟೆಯವರೇ, ಮೂಲ ದೋಣಿ ಮ್ಯೂಸಿಯಂನದ್ದು, ಒಪ್ಪಿದೆ. ಆದರೆ ಹೊಸ ಕಾಕ್‌ಪಿಟ್, ಹೊಸ ತೇಲುಬುರುಡೆಗಳು 2006ರಲ್ಲಿ ಇರಲೇ ಇಲ್ಲವಲ್ಲ. ಇಲ್ಲದ ವಸ್ತುವನ್ನು ದಾನ ಕೊಡಲು ಹೇಗೆ ಸಾಧ್ಯ?

ಧಾರವಾಡ ಫೇಡೆ

ನೀರ್ಹಕ್ಕಿ, ನಮ್ಮೂರ ತೇರಿನ ಗಾಲಿ ಲಡ್ಡಾದರೆ ಬಡಿಗೇರರು ಹೊಸದು ಮಾಡಿಕೊಡುತ್ತಾರೆ. ಅಚ್ಚು ಹೋದರೆ ಅಚ್ಚು, ಕಂಬ ಹೋದರೆ ಕಂಬ. ನಾನು ನೋಡುತ್ತಿರುವಾಗಲೇ ಅರ್ಧ ತೇರು ಬದಲಾಗಿದೆ. ಹಾಗಂತ ಅರ್ಧ ತೇರು ಬಡಿಗೇರರ ಮನೆಗೆ ಹೋಗುತ್ತಾ? ಜೋಡಿಸಿದ ಮೇಲೆ ಅದು ದೇವರ ತೇರು.

ರಿವೆಟ್ ರಾಜ

ಹೋಗಲ್ಲ, ಸರಿ. ಆದರೆ ಬಡಿಗೇರರಿಗೆ ಜಾತ್ರೆಯಲ್ಲಿ ಮೊದಲ ಕಾಯಿ, ಶಾಲು ಇರುತ್ತೆ. ಅದನ್ನು ತಪ್ಪಿಸಿದರೆ ಊರಲ್ಲಿ ಎಷ್ಟು ರಂಪ ಆಗುತ್ತೆ ಅಂತ ನಿಮಗೂ ಗೊತ್ತು.

ಕಾನೂನು ಕಟ್ಟೆ

ನೀರ್ಹಕ್ಕಿಯವರ ಪ್ರಶ್ನೆ ಒಳ್ಳೆಯದು. ಜಗಳದ ಗಂಟು ಇರುವುದೇ ಅಲ್ಲಿ. ಸಾಮಾನ್ಯವಾಗಿ ದೊಡ್ಡ ವಸ್ತುವಿಗೆ ಬಿಡಿಸಲಾಗದ ಹಾಗೆ ಸೇರಿಸಿದ ಸಣ್ಣ ಭಾಗ ದೊಡ್ಡದರ ಮಾಲೀಕನಿಗೇ ಸೇರುತ್ತದೆ. ಗೋಡೆಗೆ ಹಚ್ಚಿದ ಬಣ್ಣ ಮನೆಯವನದ್ದಾದ ಹಾಗೆ. ಆದರೆ ಬೋಲ್ಟ್ ಬಿಚ್ಚಿದರೆ ಕಳಚಿ ಬರುವ ಭಾಗಕ್ಕೆ ವಾದ ಮಾಡಲು ಜಾಗ ಇರುತ್ತದೆ. ಇಲ್ಲಿ ವಿಚಾರಣೆ ಪೂರ್ತಿ ನಡೆಯುವ ಮೊದಲೇ ಒಂದು ಕಡೆಯವರು ಬಿಟ್ಟುಕೊಟ್ಟರು. ಆದ್ದರಿಂದ ನ್ಯಾಯಾಧೀಶರ ಬಾಯಿಂದ ಉತ್ತರ ಬರಲಿಲ್ಲ. ನನ್ನಂಥವರಿಗೆ ಅದೊಂದು ಬೇಜಾರು.

ಮಲೆನಾಡ ಹುಡುಗಿ

ಒಂದು ವಿಷಯ ಗಮನಿಸಿದ್ದೀರಾ? ಮ್ಯೂಸಿಯಂಗೆ ಹೆಸರು ಬಂದಿರುವುದು ಜಾನ್ ರಸ್ಕಿನ್ ಅವರಿಂದ. ಕೊನಿಸ್ಟನ್ ಸರೋವರದ ದಂಡೆಯಲ್ಲೇ ಅವರ ಮನೆ ಬ್ರ್ಯಾಂಟ್‌ವುಡ್ ಇದೆ. ಗಾಂಧೀಜಿಗೆ ತುಂಬಾ ಹಿಡಿಸಿದ್ದ ಬರಹಗಾರ. ಹಳೆಯ ಕಟ್ಟಡಗಳನ್ನು ಹೊಸದಾಗಿ ಮಾಡುವುದನ್ನು ರಸ್ಕಿನ್ ಕಟುವಾಗಿ ವಿರೋಧಿಸಿದ್ದರು. ಹಾಗೆ ಮಾಡುವುದು ಅದನ್ನು ನಾಶ ಮಾಡಿದಂತೆ ಅನ್ನುವುದು ಅವರ ನಿಲುವು. ಅವರ ಹೆಸರಿನ ಮ್ಯೂಸಿಯಂನಲ್ಲೇ ಈಗ ಹೊಸದಾಗಿ ಹೊಳೆಯುವ ಕೆ7 ಕೂತಿದೆ. ಮೇಲೆತ್ತಿದಾಗ ಹೇಗಿತ್ತೋ ಹಾಗೇ, ಹರಿದ ತಗಡಿನ ಸಮೇತ, ಗಾಜಿನ ಹಿಂದೆ ಇಟ್ಟಿದ್ದರೆ ರಸ್ಕಿನ್ ಒಪ್ಪುತ್ತಿದ್ದರು.

ಪ್ರೆಸ್ಟನ್ ಕನ್ನಡಿಗ

ಆದರೆ ಕುಟುಂಬ ಬಯಸಿದ್ದು ಓಡುವ ದೋಣಿ. ಮುರುಕಲು ನೋಡಿದರೆ ಜನರಿಗೆ ಸಾವು ಮಾತ್ರ ನೆನಪಾಗುತ್ತದೆ. 1964ರಲ್ಲಿ ಒಂದೇ ವರ್ಷ ನೆಲದ ಮೇಲೂ ನೀರಿನ ಮೇಲೂ ದಾಖಲೆ ಮಾಡಿದ ಏಕೈಕ ಮನುಷ್ಯ ಅವರು. ಆಸ್ಟ್ರೇಲಿಯಾದ ಒಣಗಿದ ಲೇಕ್ ಐರ್ ಸರೋವರದ ನೆಲದ ಮೇಲೆ ಕಾರಿನಲ್ಲಿ 403 ಮೈಲಿ, ಡಿಸೆಂಬರ್ 31ರಂದು ಡಂಬಲ್‌ಯಂಗ್ ಸರೋವರದಲ್ಲಿ ಇದೇ ದೋಣಿಯಲ್ಲಿ 276. ಅದು ನೆನಪಾಗಬೇಡವಾ? ನಾನು ಮ್ಯೂಸಿಯಂಗೆ ಹೋದಾಗ ಶಾಲೆ ಮಕ್ಕಳು ಗಾಳಿ ನುಗ್ಗುವ ಬಾಯಿಯೊಳಗೆ ಇಣುಕಿ ಎಂಜಿನ್ ಎಲ್ಲಿದೆ ಅಂತ ಹುಡುಕುತ್ತಿದ್ದರು. ಮುರುಕಲಿನ ಮುಂದೆ ಆ ಮಕ್ಕಳು ಅಷ್ಟು ಹೊತ್ತು ನಿಲ್ಲುತ್ತಿರಲಿಲ್ಲ.

ಸುಮ್ನೆ ಓದುಗ

ಹಾಗಾದರೆ ಕೊನಿಸ್ಟನ್‌ನಲ್ಲೇ ಮತ್ತೆ ಓಡಿಸಬಹುದಲ್ಲ?

ಪ್ರೆಸ್ಟನ್ ಕನ್ನಡಿಗ

ಸುಮ್ನೆ ಇಳಿಸೋಕಾಗಲ್ಲ. ಆ ಸರೋವರದಲ್ಲಿ ವೇಗದ ಮಿತಿ ಗಂಟೆಗೆ 10 ಮೈಲಿ. ಪ್ರತಿ ನವೆಂಬರ್‌ನಲ್ಲಿ ಒಂದು ವಾರ ದಾಖಲೆ ಮಾಡುವವರಿಗೆ ವಿನಾಯಿತಿ ಇರುತ್ತದೆ. ಕೆ7ಗೂ ವಿಶೇಷ ಅನುಮತಿ ಬೇಕು. ಲಾಖ್ ಫ್ಯಾಡ್‌ನಲ್ಲಿ 150 ಮೈಲಿಯವರೆಗೆ ಹೋಗಿತ್ತು. ಇಲ್ಲಿ ಅಷ್ಟೂ ಬೇಡ, ನೀರಿನಿಂದ ಮೇಲೆದ್ದು ಓಡುವುದು ಕಂಡರೆ ಸಾಕು ನನಗೆ.

ಮುರುಗೇಶಪಾಳ್ಯ

ಓಡಿಸಲಿ, ಆದರೆ ಹಳೆಯ ಎಂಜಿನ್ ಗೊತ್ತಿರುವವರನ್ನು ಪಕ್ಕದಲ್ಲಿ ಇಟ್ಟುಕೊಂಡು ಓಡಿಸಲಿ. ಆರ್ಫಿಯಸ್ ಬಿಚ್ಚಿ ಗೊತ್ತಿರುವ ಕೈಗಳು ಈಗ ಎಲ್ಲ ಕಡೆಯೂ ಕಡಿಮೆಯಾಗುತ್ತಿವೆ. ಈ ದೋಣಿಯ ಎಂಜಿನ್ ಬಿಚ್ಚಿ ಜೋಡಿಸಿದ ಸ್ವಯಂಸೇವಕರನ್ನು ಜಗಳದ ಕಾರಣಕ್ಕೆ ದೂರ ಇಟ್ಟರೆ ನಷ್ಟ ದೋಣಿಗೇ.

ನೀರ್ಹಕ್ಕಿ

ಕಾಕಾ ಹೇಳಿದ್ದೇ ನಾನು ಹೇಳಬೇಕಿದ್ದದ್ದು. ದೋಣಿ ಮ್ಯೂಸಿಯಂನಲ್ಲೇ ಇರಲಿ. ಆದರೆ ತಗಡು ಬಿಡಿಸಿದವರು, ರಿವೆಟ್ ಹೊಡೆದವರು, ಎಂಜಿನ್ ಕೂರಿಸಿದವರು, ಪ್ರತಿಯೊಬ್ಬರ ಹೆಸರೂ ದೋಣಿ ಪಕ್ಕದ ಫಲಕದಲ್ಲಿ ಇರಬೇಕು. ಸ್ಮಿತ್ ಅವರದ್ದು ಮೊದಲು. ಅವರ ಜೊತೆ ಜಗಳ ಆಯಿತು ಅಂತ ಆ ಕೆಲಸವನ್ನು ಚಿಕ್ಕದು ಮಾಡಬಾರದು. ನೀರಿನಲ್ಲಿ ಇಳಿಸುವ ದಿನ ಅವರೆಲ್ಲ ದಂಡೆಯಲ್ಲಿ ನಿಲ್ಲದಿದ್ದರೆ ನಾನಂತೂ ಅದನ್ನು ಸಂಭ್ರಮ ಅನ್ನುವುದಿಲ್ಲ.

ಮಲೆನಾಡ ಹುಡುಗಿ

ಓಡಿಸುವುದಕ್ಕೆ ನನ್ನ ವಿರೋಧ ಹಾಗೇ ಇದೆ. ಹೆಸರು ಹಾಕುವುದಕ್ಕೆ ಪೂರ್ತಿ ಒಪ್ಪಿಗೆ.

ಕಾನೂನು ಕಟ್ಟೆ

ಇಲ್ಲಿ ಹಳೆ ಗಾಡಿ, ಹಳೆ ಯಂತ್ರ ಸರಿ ಮಾಡುವ ಗುಂಪುಗಳವರು ಇದ್ದೀರಿ ಅನ್ನಿಸುತ್ತೆ. ದಯವಿಟ್ಟು ಮೊದಲ ಬೋಲ್ಟ್ ಬಿಚ್ಚುವ ಮೊದಲೇ ಬರೆದುಕೊಳ್ಳಿ. ಮೂಲ ವಸ್ತು ಯಾರದು, ಹೊಸ ಭಾಗ ಯಾರದು, ಖರ್ಚು ಯಾರದು, ಮುಗಿದ ಮೇಲೆ ಎಲ್ಲಿ ಇರಬೇಕು, ವರ್ಷಕ್ಕೆ ಎಷ್ಟು ದಿನ ಓಡಿಸಬಹುದು. ಎರಡು ಪುಟ ಸಾಕು. ಸ್ನೇಹ ಚೆನ್ನಾಗಿರುವಾಗಲೇ ಬರೆಯಬೇಕು.

ರಿವೆಟ್ ರಾಜ

ಸರ್, ನಮ್ಮ ಗುಂಪಿನಲ್ಲಿ ಈಗ ಒಂದು 1950ರ ದಶಕದ ಜೀಪು ಕೆಲಸಕ್ಕೆ ಬಂದಿದೆ. ಗಾಡಿ ಒಬ್ಬರದ್ದು, ಸ್ಪೇರ್ ಇನ್ನೊಬ್ಬರದ್ದು, ಕೆಲಸ ನಾಲ್ಕು ಜನರದ್ದು. ನಮೂನೆ ಪತ್ರ ಇದ್ದರೆ ಕಳಿಸಿ, ಬಾಡಿ ಇಳಿಸುವ ಮೊದಲೇ ಎಲ್ಲರ ಸಹಿ ಹಾಕಿಸುತ್ತೇನೆ.